ಬದಲಿ ಮಂಡಿಯ ನೀರಿಗೆ ಬೇರೆ ಲೆಕ್ಕ

ಮಂಡಿಯಿಂದ ನೀರು ತೆಗೆದಾಗ ಸಿರಿಂಜಿನ ತುದಿಯಿಂದ ಒಂದು ಹನಿ ಬಿಟ್ಟು ನೋಡುವುದು ನನ್ನ ಅಭ್ಯಾಸ. ಆರೋಗ್ಯವಾಗಿರುವ ಮಂಡಿಯ ನೀರು ಪಟ್ಟಂತ ಬೀಳುವುದಿಲ್ಲ. ಎಳೆಪಾಕದ ಹಾಗೆ ಕೆಲವು ಸೆಂಟಿಮೀಟರ್ ಜಗ್ಗುತ್ತದೆ. ಅದರಲ್ಲಿರುವ ಹೈಲುರಾನಿಕ್ ಆಮ್ಲದ ಗುಣ ಅದು.

"ಕೀಲೇ ಬದಲಾಯಿಸಿದ ಮೇಲೆ ನೀರು ಎಲ್ಲಿಂದ ಬಂತು ಡಾಕ್ಟ್ರೇ?" ಅಂತ ಮಂಡಿ ಬದಲಿಸಿಕೊಂಡವರು ಕೇಳುತ್ತಾರೆ. ನಾವು ತೆಗೆಯುವುದು ಮೂಳೆಯ ಸವೆದ ತುದಿಗಳನ್ನು. ಸುತ್ತಲಿನ ಚೀಲ ಬಹುಪಾಲು ಅಲ್ಲೇ ಇರುತ್ತದೆ. ಅದರ ಒಳಪೊರೆ ಚೇತರಿಸಿಕೊಂಡು ಮತ್ತೆ ನೀರು ಒಸರುತ್ತದೆ. ಆದರೆ ಈಗ ಆ ನೀರಿನಲ್ಲಿ ಉಜ್ಜಾಡುವುದು ಕೋಬಾಲ್ಟ್ ಕ್ರೋಮಿಯಂ ಲೋಹ ಮತ್ತು ಪಾಲಿಎಥಿಲೀನ್ ಪ್ಲಾಸ್ಟಿಕ್. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಸವೆದು ಕಣ್ಣಿಗೆ ಕಾಣದ ಪುಡಿ ನೀರಿಗೆ ಸೇರುತ್ತದೆ. ಪೊರೆಯ ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಪುಡಿ ಜಾಸ್ತಿಯಾದರೆ ಮಂಡಿ ಊದಿಕೊಳ್ಳುತ್ತದೆ, ಪಕ್ಕದ ಮೂಳೆ ಕರಗಿ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಕೃತಕ ಕೀಲು, ಸಡಿಲವಾಗುತ್ತದೆ.

ನನಗೆ ಪಾಠ ಕಲಿಸಿದ್ದು ಮಾತ್ರ ಸೋಂಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ ಬಂದರು. ಆಪರೇಷನ್ ಆಗಿ ಒಂದೂವರೆ ವರ್ಷ. ಜ್ವರ ಇಲ್ಲ, ಮಂಡಿ ಮಾತ್ರ ಬೆಚ್ಚಗಿತ್ತು. "ಒಳಗೆ ಕಬ್ಬಿಣ ಇದೆ ಅಲ್ವಾ ಮಗಾ, ಬಿಸಿ ಇದ್ದೇ ಇರುತ್ತೆ" ಅಂದರು. ನೀರು ತೆಗೆದು ಕಳಿಸಿದೆ. ಒಂದು ಮೈಕ್ರೋಲೀಟರ್‌ಗೆ 4,200 ಬಿಳಿ ರಕ್ತಕಣ ಅಂತ ರಿಪೋರ್ಟ್ ಬಂತು. ಸ್ವಂತ ಮಂಡಿಯಲ್ಲಿ ಕೀವಿನ ಸಂಶಯ ಬಲವಾಗುವುದು 50,000 ದಾಟಿದಾಗ. ಅದೇ ಲೆಕ್ಕ ಹಿಡಿದು ನೋವಿನ ಮಾತ್ರೆ ಕೊಟ್ಟು ಕಳಿಸಿಬಿಟ್ಟೆ. ಎರಡು ತಿಂಗಳಿಗೆ ಹಳೆಯ ಗಾಯದ ಪಕ್ಕ ಸಣ್ಣ ತೂತಾಗಿ ಕೀವು ಸೋರುತ್ತಿತ್ತು. ಇಂಪ್ಲಾಂಟ್ ತೆಗೆದು, ತಿಂಗಳುಗಟ್ಟಲೆ ಔಷಧಿ ಕೊಟ್ಟು, ಮತ್ತೆ ಹೊಸದು ಹಾಕಬೇಕಾಯಿತು. ಆ ವಯಸ್ಸಿನಲ್ಲಿ ಎರಡು ಆಪರೇಷನ್. ಈಗಲೂ ನೆನೆದರೆ ಸಂಕಟವಾಗುತ್ತದೆ.

ಬದಲಿ ಮಂಡಿಯಲ್ಲಿ, ಆಪರೇಷನ್‌ನ ಮೊದಲ ವಾರಗಳು ಕಳೆದ ಮೇಲೆ, 3,000 ದಾಟಿದರೇ ಎಚ್ಚರವಾಗಬೇಕು. ಅದರಲ್ಲೂ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ರಕ್ತಕಣ 80 ಶೇಕಡ ಮೀರಿದ್ದರೆ ಇನ್ನೂ ಜಾಸ್ತಿ. ಲೋಹಕ್ಕೆ ಅಂಟಿಕೊಂಡ ಕ್ರಿಮಿ ತೆಳುಪೊರೆ ಕಟ್ಟಿಕೊಂಡು ಅಡಗಿರುತ್ತದೆ, ಗಲಾಟೆ ಮಾಡುವುದೇ ಕಮ್ಮಿ.

ಈಗ ನಾನು ನೀರು ತೆಗೆಯುವುದು ಆಪರೇಷನ್ ಥಿಯೇಟರಿನಲ್ಲೇ. ರೋಗಿ ಸ್ಥಿರವಾಗಿದ್ದರೆ ಎರಡು ವಾರ ಮೊದಲೇ ಆ್ಯಂಟಿಬಯಾಟಿಕ್ ನಿಲ್ಲಿಸಿರುತ್ತೇನೆ, ಇಲ್ಲವಾದರೆ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದೇ ಹೋಗಬಹುದು. ನಿಧಾನವಾಗಿ ಬೆಳೆಯುವ ಕ್ರಿಮಿಗಳೂ ಇವೆ, ಅದಕ್ಕೆ 14 ದಿನ ಇಡಿ ಅಂತ ಲ್ಯಾಬಿಗೆ ನಾನೇ ಫೋನ್ ಮಾಡುತ್ತೇನೆ. ಫಾರಂ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ "ಬದಲಿ ಮಂಡಿ" ಅಂತ ಬರೆಯುತ್ತೇನೆ.