ಎನ್‌ಎಫ್‌ಎಲ್‌ನ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ: ನಾನು ಅನುಸರಿಸುವ ಕ್ರಮ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಯಾರು ಎಲ್ಲರಿಗಿಂತ ದೊಡ್ಡ ಆಟಗಾರ ಎಂಬ ವಾದ ಹಳಿ ತಪ್ಪುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಒಬ್ಬರು ಮಾತಾಡುವುದು ಆಟಗಾರ ತನ್ನ ಉತ್ತುಂಗದಲ್ಲಿ ಎಷ್ಟು ಎತ್ತರಕ್ಕೆ ಹೋದ ಎಂಬ ಬಗ್ಗೆ, ಇನ್ನೊಬ್ಬರದು ಇಪ್ಪತ್ತು ವರ್ಷ ಆಡಿ ಕೂಡಿಹಾಕಿದ ಮೊತ್ತದ ಬಗ್ಗೆ. ಹಾಗಾಗಿ ಒಂದು ಹೆಸರನ್ನೂ ಬರೆಯುವ ಮುಂಚೆ ನಾನು ಎರಡು ಕಾಲಂ ಹಾಕುತ್ತೇನೆ: ಒಂದರಲ್ಲಿ ಅತ್ಯುತ್ತಮ ನಾಲ್ಕು ಸೀಸನ್, ಇನ್ನೊಂದರಲ್ಲಿ ಇಡೀ ವೃತ್ತಿಜೀವನ. ನಾಲ್ಕೇ ಏಕೆಂದರೆ ಐದು ಕೇಳಿದರೆ, ಚೆಂಡು ಹಿಡಿದು ಓಡುವ ಟೆರೆಲ್ ಡೇವಿಸ್‌ನಂಥವರು ಹೊರಗೆ ಬೀಳುತ್ತಾರೆ. ಮಂಡಿಯ ಗಾಯದಿಂದಾಗಿ ಅವರು ಆಡಿದ್ದೇ 78 ಪಂದ್ಯ. ಆದರೆ 1998ರಲ್ಲಿ 2,008 ಗಜ ಓಡಿದರು. ಎಮಿಟ್ ಸ್ಮಿತ್ 15 ಸೀಸನ್‌ಗಳಲ್ಲಿ 18,355 ಗಜ ಓಡಿ ದಾಖಲೆ ಇಟ್ಟವರು. ಮೊದಲ ಕಾಲಂನಲ್ಲಿ ಇಬ್ಬರೂ ಹೆಗಲೆಣೆ, ಎರಡನೆಯದರಲ್ಲಿ ಡೇವಿಸ್ ಹತ್ತಿರಕ್ಕೂ ಬರುವುದಿಲ್ಲ. ಉತ್ತುಂಗಕ್ಕೆ 60, ಒಟ್ಟು ಸಾಧನೆಗೆ 40 ಎಂದು ನಾನು ತೂಕ ಕೊಡುತ್ತೇನೆ. ಬೇರೆಯವರು ತಿರುಗುಮುರುಗು ಮಾಡಿಕೊಳ್ಳಲಿ, ತೊಂದರೆಯಿಲ್ಲ. ತೂಕ ಎಷ್ಟೆಂದು ಮೊದಲೇ ಹೇಳಿರಬೇಕು, ಅಷ್ಟೇ.

ಅಂಕಿಗಳನ್ನು ಇದ್ದ ಹಾಗೇ ತೆಗೆದುಕೊಂಡರೆ ಮೋಸ ಹೋಗುತ್ತೇವೆ. ಸೀಸನ್‌ನ ಉದ್ದವೇ ಬದಲಾಗುತ್ತ ಬಂದಿದೆ: 1947ರಿಂದ 1960ರವರೆಗೆ 12 ಪಂದ್ಯ, 1961ರಿಂದ 14, 1978ರಿಂದ 16, 2021ರಿಂದ 17. ಎರಿಕ್ ಡಿಕರ್ಸನ್ 1984ರಲ್ಲಿ ಓಡಿದ 2,105 ಗಜ ಒಂದು ಸೀಸನ್‌ನ ದಾಖಲೆ, ಆದರೆ ಅದು 16 ಪಂದ್ಯಗಳ ಮೊತ್ತ. ಓ.ಜೆ. ಸಿಂಪ್ಸನ್ 1973ರಲ್ಲಿ 2,003 ಗಜ ಓಡಿದ್ದು 14 ಪಂದ್ಯಗಳಲ್ಲಿ. ಪಂದ್ಯಕ್ಕೆ ಇಷ್ಟು ಎಂದು ಭಾಗಿಸಿದರೆ ಡಿಕರ್ಸನ್‌ಗೆ 131.6, ಸಿಂಪ್ಸನ್‌ಗೆ 143.1. ದಾಖಲೆಪುಸ್ತಕದ ಕ್ರಮ ಇಲ್ಲಿ ಉಲ್ಟಾ ಆಗುತ್ತದೆ.

ಪಾಸಿಂಗ್‌ನಲ್ಲಿ, ಅಂದರೆ ಚೆಂಡು ಎಸೆಯುವುದರಲ್ಲಿ, ಇದಿಷ್ಟೇ ಸಾಲದು, ಏಕೆಂದರೆ ಆಟದ ನಿಯಮವೇ ಬದಲಾಯಿತು. 1978ರಲ್ಲಿ ರಿಸೀವರ್‌ನನ್ನು (ಎಸೆದ ಚೆಂಡನ್ನು ಹಿಡಿಯುವವನನ್ನು) ಐದು ಗಜ ದಾಟಿದ ಮೇಲೆ ಮುಟ್ಟುವಂತಿಲ್ಲ ಎಂದಾಯಿತು. ಬ್ಲಾಕ್ ಮಾಡುವ ಲೈನ್‌ಮನ್‌ಗಳಿಗೆ ಕೈ ಚಾಚಿ ತಡೆಯುವ ಅವಕಾಶವೂ ಸಿಕ್ಕಿತು. ಆದ್ದರಿಂದ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬ ಎಷ್ಟು ಗಜ ಎಸೆದ ಎನ್ನುವುದಕ್ಕಿಂತ ಅದೇ ವರ್ಷದ ಉಳಿದವರಿಗಿಂತ ಎಷ್ಟು ಮುಂದಿದ್ದ ಎಂದು ನೋಡಬೇಕು. ಬ್ರಾಡ್‌ಮನ್‌ರ 99.94 ಸರಾಸರಿ ನಮ್ಮನ್ನು ಬೆರಗುಗೊಳಿಸುವುದು ಎರಡನೆಯವರು ಅಷ್ಟು ದೂರದಲ್ಲಿ ಇರುವುದರಿಂದ. ಇಲ್ಲಿಯೂ ಅದೇ ಲೆಕ್ಕ. ಡ್ಯಾನ್ ಮರೀನೋ 1984ರಲ್ಲಿ 5,084 ಗಜ ಎಸೆದಾಗ ಅದಕ್ಕೆ ಮುಂಚೆ ಯಾರೂ 5,000 ಮುಟ್ಟಿರಲಿಲ್ಲ. ಒಂದು ಸೀಸನ್‌ನಲ್ಲಿ ಅದುವರೆಗಿನ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು) ಪಾಸ್ ದಾಖಲೆ 36 ಇತ್ತು, ಅವರು ಅದನ್ನು 48ಕ್ಕೆ ಒಯ್ದರು. 2011ರಲ್ಲಿ ಬ್ರೀಸ್, ಬ್ರೇಡಿ, ಸ್ಟ್ಯಾಫರ್ಡ್ ಮೂವರೂ ಒಂದೇ ಸೀಸನ್‌ನಲ್ಲಿ 5,000 ದಾಟಿದರು. ಅಂಕಿ ಹೆಚ್ಚುಕಡಿಮೆ ಒಂದೇ, ಬೆಲೆ ಒಂದೇ ಅಲ್ಲ.

ಕ್ವಾರ್ಟರ್‌ಬ್ಯಾಕ್‌ಗಳಿಗೆ ಪಾಸರ್ ರೇಟಿಂಗ್ (ಎಸೆತವನ್ನು ಅಳೆಯುವ ರೂಢಿಯ ಅಂಕಿ) ಬಳಸುವುದನ್ನು ನಾನು ಬಿಟ್ಟಿದ್ದೇನೆ. ಅದರ ಗರಿಷ್ಠ 158.3, ಅದು ಸ್ಯಾಕ್‌ಗಳನ್ನು (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದನ್ನು) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚೆಂಡು ಹಿಡಿದುಕೊಂಡು ನಿಂತು ಏಟು ತಿನ್ನುವವನೂ, ಬೇಗ ಎಸೆದು ತಂಡವನ್ನು ಉಳಿಸುವವನೂ ಅದರ ಕಣ್ಣಿಗೆ ಒಂದೇ. ಬದಲಿಗೆ ಈ ಲೆಕ್ಕ ಮಾಡುತ್ತೇನೆ: ಪಾಸ್ ಗಜಗಳಿಗೆ ಪ್ರತಿ ಟಚ್‌ಡೌನ್‌ಗೆ 20 ಸೇರಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ (ಎದುರಾಳಿ ಹಿಡಿದ ಎಸೆತಕ್ಕೆ) 45 ಕಳೆದು, ಸ್ಯಾಕ್‌ಗಳಲ್ಲಿ ಹೋದ ಗಜಗಳನ್ನೂ ಕಳೆದು, ಬಂದದ್ದನ್ನು ಪಾಸ್ ಯತ್ನ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸುವುದು. ಮರೀನೋ 1984ರಲ್ಲಿ 564 ಸಲ ಎಸೆದರು, 48 ಟಚ್‌ಡೌನ್, 17 ಇಂಟರ್‌ಸೆಪ್ಷನ್, 13 ಸ್ಯಾಕ್‌ಗಳಲ್ಲಿ 120 ಗಜ ನಷ್ಟ. 5,084ಕ್ಕೆ 960 ಕೂಡಿಸಿ, 765 ಮತ್ತು 120 ಕಳೆದರೆ 5,159. ಅದನ್ನು 577ರಿಂದ ಭಾಗಿಸಿದರೆ 8.94. ಆ ವರ್ಷದ ಲೀಗ್‌ನ ಒಟ್ಟು ಅಂಕಿಗಳಿಗೂ ಇದೇ ಸೂತ್ರ ಹಾಕಿ ಬಂದ ಸರಾಸರಿಯನ್ನು ಇದರಿಂದ ಕಳೆಯಿರಿ. ಉಳಿಯುವ ಅಂತರವನ್ನಷ್ಟೇ ಕಾಲಂಗೆ ಬರೆಯಿರಿ.

ಪಟ್ಟಿಯ ನಿಜವಾದ ಪರೀಕ್ಷೆ ಇರುವುದು ಅಂಕಿಯೇ ಇಲ್ಲದವರ ವಿಷಯದಲ್ಲಿ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೆಫ್ಟ್ ಟ್ಯಾಕಲ್‌ನ ಹೆಸರಿನ ಮುಂದೆ ಬರೆಯಲು ಗಜವೂ ಇಲ್ಲ, ಟಚ್‌ಡೌನೂ ಇಲ್ಲ. ಇವರಿಗೆ ಪಂದ್ಯದ ವಿಡಿಯೊ ನೋಡದೆ ಗತಿಯಿಲ್ಲ. 22 ಜನರೂ ಕಾಣುವ ಮೇಲಿನ ಕೋನದ ವಿಡಿಯೊ ಸಿಕ್ಕರೆ ಒಳ್ಳೆಯದು. ಹಳೆಯ ಪಂದ್ಯಗಳಿಗೆ ಟೀವಿ ಪ್ರಸಾರವೇ ಸಾಕು, ಚೆಂಡು ಕೈಬಿಡುವವರೆಗೆ ಟ್ಯಾಕಲ್ ತೆರೆಯ ಮೇಲೇ ಇರುತ್ತಾನೆ. ಒಂದು ಪಂದ್ಯದ ಪಾಸಿಂಗ್ ಆಟಗಳನ್ನು ಮಾತ್ರ ಆರಿಸಿಕೊಂಡು, ಚೆಂಡನ್ನು ಮರೆತು ಅವನೊಬ್ಬನನ್ನೇ ನೋಡಬೇಕು. ಮೂರು ಸೆಕೆಂಡಿನೊಳಗೆ ಎದುರಾಳಿ ಅವನನ್ನು ದಾಟಿದನೇ? ಪಕ್ಕದ ಟೈಟ್ ಎಂಡ್ ಅಥವಾ ರನ್ನಿಂಗ್ ಬ್ಯಾಕ್ ನೆರವಿಗೆ ಬಂದನೇ, ಇಲ್ಲ ಒಬ್ಬನನ್ನೇ ಬಿಟ್ಟರೇ? ಎರಡನೆಯ ಪ್ರಶ್ನೆಯೇ ಮುಖ್ಯ. ಸಿನ್ಸಿನಾಟಿಯ ಆಂಥನಿ ಮುನ್ಯೋಸ್‌ರನ್ನು ಹೀಗೆ ನೋಡಿದ ಮೇಲೆ ಅವರನ್ನು ಮೊದಲ ಹತ್ತರಿಂದ ಹೊರಗಿಡಲು ನನಗೆ ಮನಸ್ಸು ಬಂದಿಲ್ಲ. ಇಷ್ಟು ಸಮಯವಿಲ್ಲದವರು ಪ್ರೊ ಬೌಲ್ (ತಾರಾ ಆಟಗಾರರ ವಾರ್ಷಿಕ ಕೂಟ) ಬಿಟ್ಟು ಮೊದಲ ತಂಡದ ಆಲ್-ಪ್ರೊ (ಆ ವರ್ಷ ಪ್ರತಿ ಸ್ಥಾನದಲ್ಲಿ ಅತ್ಯುತ್ತಮರು) ಆಯ್ಕೆಗಳನ್ನು ಎಣಿಸಲಿ. ಪ್ರೊ ಬೌಲ್‌ಗೆ ಬಾರದವರ ಬದಲಿಗೆ ಬಂದವರೂ ಆಯ್ಕೆಯಾದವರೆಂದೇ ಲೆಕ್ಕ.

ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್‌ಗಳಲ್ಲಿ ಅಂಕಿ ಇದ್ದೂ ದಾರಿ ತಪ್ಪಿಸುತ್ತದೆ. ಡಿಕ್ ಲೇನ್ 1952ರಲ್ಲಿ 12 ಪಂದ್ಯಗಳಲ್ಲಿ ಹಿಡಿದ 14 ಇಂಟರ್‌ಸೆಪ್ಷನ್ ಇಂದಿಗೂ ದಾಖಲೆ. ಡ್ಯಾರೆಲ್ ರೆವಿಸ್ ಇಡೀ ವೃತ್ತಿಯಲ್ಲಿ ಹಿಡಿದದ್ದು 29. ರೆವಿಸ್ ಇದ್ದ ಕಡೆಗೆ ಎದುರಾಳಿಗಳು ಎಸೆಯಲೇ ಹಿಂಜರಿಯುತ್ತಿದ್ದರು. ಎಸೆಯದ ಚೆಂಡನ್ನು ಯಾರೂ ಹಿಡಿಯಲಾರರು. ಸ್ಯಾಕ್‌ನ ಕಥೆಯೂ ಹೀಗೇ. ಅದು ಅಧಿಕೃತ ಅಂಕಿಯಾದದ್ದು 1982ರಲ್ಲಿ. ಬ್ರೂಸ್ ಸ್ಮಿತ್‌ರ 200 ಕಂಡು, ಅದಕ್ಕೂ ಮುಂಚೆ ಆಡಿದ ಡೀಕನ್ ಜೋನ್ಸ್‌ರನ್ನು ಕೆಳಗಿಡುವವರು ಇದನ್ನು ಮರೆತಿರುತ್ತಾರೆ. ಲಾರೆನ್ಸ್ ಟೇಲರ್‌ರ ಮೊದಲ ವರ್ಷ 1981 ಕೂಡ ಅವರ ಅಧಿಕೃತ 132.5ರಲ್ಲಿ ಸೇರಿಲ್ಲ.

ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವುಗಳನ್ನು ನಾನು ಕ್ವಾರ್ಟರ್‌ಬ್ಯಾಕ್‌ಗಳಿಗೆ ಮಾತ್ರ, ಅದೂ ಇಬ್ಬರು ಸಮನಾಗಿ ನಿಂತಾಗ ಮಾತ್ರ ಎಣಿಸುತ್ತೇನೆ. ಬ್ರೇಡಿಯ ಏಳನ್ನು ಕಡೆಗಣಿಸಲಾಗದು. ಆದರೆ ಹತ್ತು ವರ್ಷ ಡೆಟ್ರಾಯ್ಟ್‌ಗೆ ಆಡಿ 15,269 ಗಜ ಓಡಿದ ಬ್ಯಾರಿ ಸ್ಯಾಂಡರ್ಸ್‌ಗೆ ಸಿಕ್ಕಿದ್ದು ಒಂದೇ ಪ್ಲೇಆಫ್ ಗೆಲುವು, ಅದು ಅವರ ಓಟದ ಕೊರತೆಯಿಂದ ಅಲ್ಲ. ಎಂವಿಪಿ (ಸೀಸನ್‌ನ ಅತ್ಯಮೂಲ್ಯ ಆಟಗಾರ) ಪ್ರಶಸ್ತಿಯನ್ನೂ ಬೇರೆ ಬೇರೆ ಸ್ಥಾನದವರ ಹೋಲಿಕೆಗೆ ಬಳಸಬೇಡಿ: 2012ರಲ್ಲಿ ಏಡ್ರಿಯನ್ ಪೀಟರ್ಸನ್ ಪಡೆದ ನಂತರ ಅದು ಕ್ವಾರ್ಟರ್‌ಬ್ಯಾಕ್‌ಗಳ ಪ್ರಶಸ್ತಿಯೇ ಆಗಿಬಿಟ್ಟಿದೆ.

ಹಲವರು ಸೇರಿ ಪಟ್ಟಿ ಮಾಡುವಾಗ ಮೊದಲು ಸ್ಥಾನವಾರು ಪಟ್ಟಿ, ಆಮೇಲೆ ಒಟ್ಟು ಪಟ್ಟಿ. ಒಟ್ಟುಗೂಡಿಸುವಾಗ ಸರಾಸರಿ ಬೇಡ; ಒಬ್ಬನು ಹಟಕ್ಕೆ ಬಿದ್ದು ಬ್ರೇಡಿಯನ್ನು 40ಕ್ಕೆ ಇಟ್ಟರೆ ಸರಾಸರಿ ಕೆಡುತ್ತದೆ. ಎಲ್ಲರೂ ಕೊಟ್ಟ ಸ್ಥಾನಗಳನ್ನು ಕ್ರಮವಾಗಿ ಬರೆದು ನಡುವಿನದನ್ನು ತೆಗೆದುಕೊಳ್ಳಿ. ಹತ್ತರ ಕೆಳಗೆ ಸಂಖ್ಯೆ ಹಾಕುವುದನ್ನೂ ಬಿಟ್ಟು ಗುಂಪು ಮಾಡಿ, 23ಕ್ಕೂ 24ಕ್ಕೂ ವ್ಯತ್ಯಾಸ ತೋರಿಸುವ ಆಧಾರ ಯಾರ ಬಳಿಯೂ ಇಲ್ಲ.

ಈ ಕ್ರಮದಲ್ಲಿ ನನ್ನ ಪಟ್ಟಿಯ ತುದಿಗೆ ಬರುವವರು ಜಿಮ್ ಬ್ರೌನ್: ಒಂಬತ್ತು ಸೀಸನ್, ಅದರಲ್ಲಿ ಎಂಟರಲ್ಲಿ ಲೀಗ್‌ನಲ್ಲೇ ಹೆಚ್ಚು ಗಜ ಓಟ, ಪಂದ್ಯಕ್ಕೆ 104.3. ರಿಸೀವರ್ ಜೆರ್ರಿ ರೈಸ್ ಎರಡನೆಯವರು. 22,895 ಗಜಗಳ ಅವರ ಮೊತ್ತಕ್ಕೂ ಆ ದಾಖಲೆಯಲ್ಲಿ ಎರಡನೆಯ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್‌ಗೂ 5,403 ಗಜಗಳ ಅಂತರ. ಮೂರನೆಯವರು ಟೇಲರ್.

ಕಷ್ಟವಾಗುವುದು ರಿಸೀವರ್ ಡಾನ್ ಹಟ್ಸನ್ ವಿಷಯದಲ್ಲಿ. 1942ರಲ್ಲಿ 11 ಪಂದ್ಯಗಳಲ್ಲಿ 1,211 ಗಜ, 17 ಟಚ್‌ಡೌನ್ ಗಳಿಸಿದವರು. ಅವರ 99 ಟಚ್‌ಡೌನ್ ಕ್ಯಾಚ್‌ಗಳ ದಾಖಲೆ 1989ರವರೆಗೆ ಉಳಿಯಿತು. ಅಂತರವಷ್ಟೇ ನೋಡಿದರೆ ಅವರು ಬ್ರೌನ್‌ರ ಪಕ್ಕಕ್ಕೆ ಬರಬೇಕು. ಆದರೆ ಅವರು ಆಡಿದ 1935ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನಿಗೂ ಜಾಗವಿರಲಿಲ್ಲ, ಕೊನೆಯ ವರ್ಷಗಳಲ್ಲಿ ಎಷ್ಟೋ ಆಟಗಾರರು ಯುದ್ಧಕ್ಕೆ ಹೋಗಿದ್ದರು. ಎದುರಾಳಿಗಳ ಮಟ್ಟವನ್ನು ಹೀಗೆ ಇಳಿಸಿದ ಲೀಗ್‌ನ ಅಂತರವನ್ನು 1960ರ ದಶಕದ ಅಂತರದಷ್ಟೇ ನಂಬಲು ನನ್ನಿಂದ ಆಗುವುದಿಲ್ಲ. ಅವರನ್ನು ಎರಡನೆಯ ಗುಂಪಿನ ಮೊದಲಿಗೆ ಇಟ್ಟು, ಕಾರಣವನ್ನು ಅವರ ಹೆಸರಿನ ಪಕ್ಕದಲ್ಲೇ ಬರೆದಿದ್ದೇನೆ.