ಹಿಂದಿನ ಬೆಂಚಿನಲ್ಲಿ ಕೂತ ಮೇಲೆ ನನಗೆ ಕಂಡದ್ದು

ಮುಖ್ಯ ಶಿಕ್ಷಕಿಯಾದ ಮೊದಲ ವರ್ಷವೂ ನಾನು ತರಗತಿಗಳಿಗೆ ಹೋಗುತ್ತಿದ್ದೆ. ಆದರೆ ಆಗ ನೋಡುತ್ತಿದ್ದದ್ದು ಟೀಚರನ್ನು ಮಾತ್ರ. ಬಾಗಿಲ ಹತ್ತಿರ ಐದು ನಿಮಿಷ ನಿಂತು, ಪಾಠ ಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ, ‘ಬೋರ್ಡಿನ ಅಕ್ಷರ ಇನ್ನೂ ದೊಡ್ಡದಿರಲಿ’ ಅಂತ ಬರೆದು ಬರುತ್ತಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಟೀಚರ ದನಿಯೇ ಬೇರೆಯಾಗುತ್ತಿತ್ತು. ಇದರಿಂದ ಒಬ್ಬರ ಪಾಠವೂ ಸುಧಾರಿಸಲಿಲ್ಲ.

ಒಂದು ದಿನ ಮೂರನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿಯ ಪಕ್ಕ ಕೂತೆ. ಪೂರ್ತಿ ಪೀರಿಯಡ್ ಕೂತೆ. ಬೋರ್ಡಿನ ಮೇಲೆ 52ರಲ್ಲಿ 28 ಕಳೆಯುವ ಲೆಕ್ಕ. ಟೀಚರ್ ಚೆನ್ನಾಗಿಯೇ ಹೇಳಿಕೊಟ್ಟರು. ‘ಎಷ್ಟು?’ ಅಂದಾಗ ಇಡೀ ತರಗತಿ ಒಂದೇ ದನಿಯಲ್ಲಿ ‘24’ ಅಂದಿತು. ಬಾಗಿಲಲ್ಲಿ ನಿಂತಿದ್ದರೆ ನಾನು ಖುಷಿಯಿಂದ ವಾಪಸ್ ಬರುತ್ತಿದ್ದೆ.

ಮುಂದಿನ ಲೆಕ್ಕ ಮಕ್ಕಳೇ ಮಾಡಬೇಕಿತ್ತು. 43ರಲ್ಲಿ 17. ನನ್ನ ಪಕ್ಕದ ಹುಡುಗಿ 34 ಅಂತ ಬರೆದಳು. ಮುಂದಿನ ಬೆಂಚಿನ ಹುಡುಗನದೂ 34. ‘ಇದು ಹೇಗೆ ಬಂತು, ಪುಟ್ಟಿ?’ ಅಂತ ಮೆಲ್ಲಗೆ ಕೇಳಿದೆ. ಪೆನ್ಸಿಲ್ ತುದಿಯಿಂದ ತೋರಿಸಿದಳು: ‘ಮೂರರಲ್ಲಿ ಏಳು ಹೋಗಲ್ಲ ಮಿಸ್. ಅದಕ್ಕೇ ಏಳರಲ್ಲಿ ಮೂರು ಕಳೆದೆ. ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಲ್ವಾ?’

ಅವಳು ಸುಮ್ನೆ ಏನೋ ಬರೆದಿರಲಿಲ್ಲ. ನಾವೇ ಕೊಟ್ಟ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದಳು. ಎರಡನೇ ತರಗತಿಯಲ್ಲಿ, ಚಿಕ್ಕ ಸಂಖ್ಯೆಗಳಿರುವಾಗ, ಆ ಮಾತು ಕೆಲಸಕ್ಕೆ ಬರುತ್ತದೆ. ಮೂರನೇ ತರಗತಿಗೆ ಬಂದಾಗ ಅದೇ ಮಾತು ಮಗುವಿನ ಕಾಲಿಗೆ ತೊಡಕಾಗುತ್ತದೆ. ಎರಡನೇ ತರಗತಿಯ ಟೀಚರಿಗೆ ಈ ತಪ್ಪು ಕಾಣುವುದಿಲ್ಲ, ಮೂರನೆಯವರಿಗೆ ಇದರ ಬೇರು ಕಾಣುವುದಿಲ್ಲ. ಎರಡೂ ಕೋಣೆಗಳಿಗೆ ಹೋಗಿ ಬರುವವಳು ನಾನೊಬ್ಬಳೇ. ನನ್ನ ಕುರ್ಚಿಯ ಕೆಲಸ ಏನು ಅನ್ನುವುದು ಅವತ್ತು ನನಗೆ ಅರ್ಥವಾಯಿತು.

ಸಂಜೆ ಏಳೆಂಟು ನೋಟ್‌ಬುಕ್‌ಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ತೆರೆದಿಟ್ಟೆ. ‘ಯಾರ ತಪ್ಪು ಅಂತ ಬೇಡ. ಈ ಮಗು ಏನು ಯೋಚಿಸಿತು, ಅಷ್ಟು ಹೇಳಿ’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೇ ತರಗತಿಯ ಟೀಚರ್ ಒಂದು ನೋಟ್‌ಬುಕ್ ಎತ್ತಿಕೊಂಡು, ‘ಇದು ನನ್ನ ಮಾತೇ’ ಅಂದರು. ಅದನ್ನು ಎಲ್ಲರೆದುರು ಹೇಳಲು ಎಷ್ಟು ಧೈರ್ಯ ಬೇಕು! ಆ ಧೈರ್ಯಕ್ಕೆ ಶಾಲೆಯಲ್ಲಿ ಜಾಗ ಇರಬೇಕು. ಆ ಜಾಗ ಮಾಡಿಕೊಡುವುದು ಮುಖ್ಯಸ್ಥರ ಕೈಯಲ್ಲಿದೆ ಅಂತ ನಾನು ನಂಬಿದ್ದೇನೆ.

ಮರುದಿನ ಅದೇ ಪಾಠವನ್ನು ನಾನೇ ಮಾಡಿದೆ. ಟೀಚರುಗಳು ಹಿಂದೆ ಕೂತು ಮಕ್ಕಳನ್ನು ನೋಡಿದರು. ಹತ್ತು ಹತ್ತು ಕಡ್ಡಿಗಳ ಕಟ್ಟು ತಂದಿದ್ದೆ. ನಾಲ್ಕು ಕಟ್ಟು, ಮೂರು ಬಿಡಿ. ಏಳು ಕಡ್ಡಿ ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಆಗ ಮೂರು ಕಟ್ಟು, ಹದಿಮೂರು ಬಿಡಿ. ಪಾಠ ಚೆನ್ನಾಗಾಯಿತು ಅಂದುಕೊಂಡೆ. ಮುಗಿದ ಮೇಲೆ ಮೂರನೇ ತರಗತಿಯ ಟೀಚರ್ ಹೇಳಿದರು: ‘ಮೇಡಂ, ಕಟ್ಟು ಬಿಚ್ಚಿದ್ದು ನೀವು. ಮಕ್ಕಳು ನೋಡ್ತಾ ಕೂತಿದ್ರು.’ ಅವರು ಹೇಳಿದ್ದು ಸರಿಯಾಗಿತ್ತು. ಮಾರನೆಯ ದಿನ ಅವರೇ ಪಾಠ ಮಾಡಿದರು, ರಬ್ಬರ್ ಬ್ಯಾಂಡ್ ಬಿಚ್ಚಿದ್ದು ಮಕ್ಕಳ ಕೈಗಳು. ಆ ಹುಡುಗಿ ಹದಿಮೂರನ್ನು ಎರಡು ಸಲ ಎಣಿಸಿ ನೋಡಿದಳು, ಆಮೇಲೆ ನೋಟ್‌ಬುಕ್ಕಿನಲ್ಲಿ 34 ಅಳಿಸಿ 26 ಬರೆದಳು.

ಜಪಾನಿನ ಶಿಕ್ಷಕರು ಹೀಗೆ ಜೊತೆಗೂಡಿ ಪಾಠ ಕಟ್ಟಿ, ಒಬ್ಬರು ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸುವ ಪದ್ಧತಿಯನ್ನು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಜುಗ್ಯೋ ಕೆಂಕ್ಯು ಅಂತ ಅದರ ಹೆಸರು. ನಾವು ಈಗ ತಿಂಗಳಿಗೆ ಒಂದು ಪಾಠ ಹೀಗೆ ಮಾಡುತ್ತೇವೆ. ಸಮಯ ಹೊಂದಿಸಲು ಸ್ಟಾಫ್ ಮೀಟಿಂಗಿನಲ್ಲಿ ಸುತ್ತೋಲೆ ಓದುವುದನ್ನು ನಿಲ್ಲಿಸಿ ನೋಟಿಸ್ ಬೋರ್ಡಿಗೆ ಹಾಕಿದೆ, ಅಷ್ಟೇ.

ಹಿಂದೆ ಕೂತು ಗಮನಿಸಿದ ಇನ್ನೊಂದು ವಿಷಯ, ಪ್ರಶ್ನೆ ಕೇಳಿದ ಮೇಲಿನ ಮೌನ. ಅದು ನಮ್ಮಲ್ಲಿ ಇರಲೇ ಇಲ್ಲ. ಕೇಳುವುದು, ಮೊದಲು ಕೈ ಎತ್ತಿದವರಿಂದ ಉತ್ತರ ಪಡೆಯುವುದು, ಮುಂದೆ ಹೋಗುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಕೇಳಲು ಸುಲಭ, ಮಾಡಲು ತುಂಬಾ ಕಷ್ಟ. ನಾನೇ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ಅಭ್ಯಾಸ ಮಾಡಿಕೊಂಡೆ.

ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಒಬ್ಬ ಮೇಷ್ಟ್ರಿಗೆ ತಮ್ಮ ಪಾಠಕ್ಕೆ ಬೇರೆಯವರು ಬಂದು ಕೂರುವುದು ಈಗಲೂ ಇಷ್ಟವಿಲ್ಲ. ನಾನು ಒತ್ತಾಯ ಮಾಡಿಲ್ಲ. ಅವರು ಬೇರೆಯವರ ಪಾಠಕ್ಕೆ ಬಂದು ಕೂರುತ್ತಾರೆ, ಸದ್ಯಕ್ಕೆ ಅಷ್ಟು ಸಾಕು.

ಹೋದ ವಾರ ಐದನೇ ತರಗತಿಯ ಟೀಚರ್ ತಾವಾಗಿಯೇ ನನ್ನ ಕೋಣೆಗೆ ಬಂದರು. ಕೈಯಲ್ಲೊಂದು ನೋಟ್‌ಬುಕ್. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಮಗು ಐದನೇ ಎರಡು ಭಾಗ ಅಂತ ಬರೆದಿತ್ತು. ‘ಮೇಡಂ, ಇವರು ಎಲ್ಲೋ ಎಡವುತ್ತಿದ್ದಾರೆ, ನನಗೆ ಕಾಣ್ತಿಲ್ಲ. ನಾಳೆ ಮೂರನೇ ಪೀರಿಯಡ್ ಹಿಂದೆ ಬಂದು ಕೂರ್ತೀರಾ?’ ಅಂದರು. ಹೋಗಿ ಕೂತೆ.