ಕುಬೇತಾ ಮೇಲೆ ಕೂತ ಮಕ್ಕಳು: ಮಡೇರಾದಲ್ಲಿ ನನ್ನ ಅನುಭವ

ಮಕ್ಕಳನ್ನು ಬೆಳೆಸುವ ಬಗೆಯನ್ನು ಅಪ್ಪ-ಅಮ್ಮಂದಿರಿಗೆ ಹೇಳಿಕೊಡುವ ಪೇರೆಂಟಿಂಗ್ ತರಬೇತಿಯ ಮೊದಲ ದಿನ 40 ಕುರ್ಚಿ ಹಾಕಿಸಿದ್ದೆ. ಬಂದವರು ಮೂವರು. ಅವರಲ್ಲೂ ಒಬ್ಬಳು ಮಗನ ಲಸಿಕೆ ಚೀಟಿ ಎಲ್ಲಿ ಕೊಡಬೇಕು ಅಂತ ಕೇಳಲು ಬಂದವಳು.

ಊರು ಕ್ಯಾಲಿಫೋರ್ನಿಯಾದ ಮಡೇರಾ. ಫ್ರೆಸ್ನೋ ದಾಟಿ 99ನೇ ಹೈವೇಯಲ್ಲಿ ಸಿಗುತ್ತದೆ. ಸುತ್ತಲೂ ದ್ರಾಕ್ಷಿ, ಬಾದಾಮಿ. ತೋಟದ ಕೆಲಸಕ್ಕೆ ಹೋಗುವವರು ಬಹುತೇಕ ಮೆಕ್ಸಿಕೋದವರು, ಒಆಹಾಕಾ ಕಡೆಯವರು ಜಾಸ್ತಿ. ನಾನು ವಿಜಯಪುರದವಳು, ಇಲ್ಲಿ ಸೋಷಿಯಲ್ ವರ್ಕರ್. ಪೇರೆಂಟಿಂಗ್ ತರಬೇತಿಯ ಕೈಪಿಡಿ, ಸ್ಟಿಕ್ಕರ್ ಚಾರ್ಟ್ (ಒಳ್ಳೆ ಕೆಲಸಕ್ಕೆ ಸ್ಟಿಕ್ಕರ್ ಬಹುಮಾನ), ಟೈಮ್‌ಔಟ್ (ತಪ್ಪು ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಕೂರಿಸುವುದು) ಎಲ್ಲ ಈ ಕೆಲಸದಲ್ಲಿ ಇರುವವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಗ್ರಾಂಟ್ ಬಂದಿದ್ದು ಸುಮಾರು 18,000 ಡಾಲರ್. ಅದರಲ್ಲಿ ಅರ್ಧ ಮೊದಲ ಸುತ್ತಿನಲ್ಲೇ ಖಾಲಿ. ಕೈಪಿಡಿಯ ಸ್ಪ್ಯಾನಿಷ್ ಅನುವಾದಕ್ಕೇ 2,500 ಹೋಯಿತು. ಕೊನೆಗೂ ಸಿಕ್ಕಿದ್ದು ಮೂರೇ ಮನೆ. ಅಂದರೆ ಮನೆಗೆ 3,000 ಡಾಲರ್! ಲೆಕ್ಕ ಒಪ್ಪಿಸುವಾಗ ನನಗೇ ನಾಚಿಕೆ ಆಯಿತು.

ತಪ್ಪು ಶುರುವಾಗಿದ್ದೇ ಕರಪತ್ರದಿಂದ. ಅದರ ಮೇಲೆ ‘ಅಪ್ಪ-ಅಮ್ಮಂದಿರಿಗೆ ಕ್ಲಾಸ್’ ಅಂತ ಹಾಕಿಸಿದ್ದೆವು. ಇಲ್ಲಿ ಪೇರೆಂಟಿಂಗ್ ಕ್ಲಾಸಿಗೆ ಹೋಗು ಅಂತ ಕೋರ್ಟೇ ಹೇಳುವುದುಂಟು. ಹಾಗಾಗಿ ಓದಿದವರೆಲ್ಲ ‘ನಾನೇನು ತಪ್ಪು ಮಾಡಿದೆ?’ ಅಂದುಕೊಂಡರು. ಬಾಗಿಲಲ್ಲಿ ಇಟ್ಟಿದ್ದ ಹಾಜರಿ ಪಟ್ಟಿಯಲ್ಲಿ ಮನೆ ವಿಳಾಸ ಬೇರೆ ಕೇಳಿದ್ದೆವು. ವಲಸೆಯ ಕಾಗದಪತ್ರ ಇಲ್ಲದವರು ವಿಳಾಸ ಬರೆದುಕೊಡುತ್ತಾರಾ? ನಾವೇ ಕೈಯಾರೆ ಓಡಿಸಿದ ಹಾಗಾಯಿತು.

ಎರಡನೇ ಸುತ್ತಿಗೆ ಹೆಸರು ಬದಲಾಯಿಸಿದೆ. ‘ಕಾಫೆಸೀತೊ’, ಅಂದರೆ ಸುಮ್ನೆ ಒಂದು ಕಪ್ ಕಾಫಿ. ಬರೆಯುವುದು ಮೊದಲ ಹೆಸರು ಮಾತ್ರ, ಫೋಟೋ ಇಲ್ಲ. ಹಣ್ಣು ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದಿದ್ದ ಒಬ್ಬ ಹೆಂಗಸನ್ನು ಪ್ರೊಮೊತೋರಾ, ಅಂದರೆ ಅವರ ಜನರ ನಡುವಿನದೇ ಕಾರ್ಯಕರ್ತೆ, ಅಂತ ತೆಗೆದುಕೊಂಡೆ, ಗಂಟೆಗೆ 20 ಡಾಲರ್. ತಿಂಡಿಗೆ ಗ್ರಾಂಟ್ ದುಡ್ಡು ಮುಟ್ಟುವಂತಿಲ್ಲ. ಸಿಹಿ ಬ್ರೆಡ್ಡಿಗೆ ವಾರಕ್ಕೆ 30 ಡಾಲರ್ ನನ್ನ ಜೇಬಿನಿಂದಲೇ. ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರ್ ಬಿಟ್ಟು ಜನವರಿಗೆ ಇಟ್ಟುಕೊಂಡೆ. ಮಂಜು ಎಷ್ಟು ದಟ್ಟ ಅಂದರೆ ಮುಂದಿನ ಕಾರಿನ ಕೆಂಪು ದೀಪವೂ ಕಾಣುವುದಿಲ್ಲ. ಆದರೂ 16 ಮನೆಯವರು ಬಂದರು.

ಮೇಲಿನವರಿಗೆ ಇದು ಹಿಡಿಸಲಿಲ್ಲ. “ನೀನು ಮೆಕ್ಸಿಕನ್ನೂ ಅಲ್ಲ, ನಿನ್ನ ಸ್ಪ್ಯಾನಿಷ್ಷೂ ಅಷ್ಟಕ್ಕಷ್ಟೇ. ಕೈಪಿಡಿ ತಿದ್ದೋಕೆ ನೀನ್ಯಾರು?” ಅಂದರು. ಡೆಟ್ರಾಯ್ಟ್‌ನಲ್ಲಿ ಸಂಶೋಧಕ ರೂಬೆನ್ ಪಾರ್ರಾ-ಕಾರ್ಡೋನಾ ಅವರ ತಂಡ ಒರೆಗಾನ್ ಮಾದರಿ ಅನ್ನುವ ಪೇರೆಂಟಿಂಗ್ ತರಬೇತಿಗೇ ವಲಸೆಯ ಕಷ್ಟದ ಮಾತು ಸೇರಿಸಿ ನಡೆಸಿದ್ದನ್ನು ತೋರಿಸಿದೆ. ಅರ್ಧ ಮನಸ್ಸಿನಿಂದ ಒಪ್ಪಿದರು.

ಸ್ಪ್ಯಾನಿಷ್ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳೇನಲ್ಲ. ಮಗು ಏನಾಗಬೇಕು ಅಂತ ಕೇಳಿದಾಗ ಎಲ್ಲರೂ ‘ಬಿಯೆನ್ ಎದುಕಾದೊ’ ಅಂದರು. ಚೆನ್ನಾಗಿ ಓದಬೇಕು ಅಂತ ತಿಳಿದು ಅರ್ಧ ಗಂಟೆ ಕಾಲೇಜಿನ ಬಗ್ಗೆ ಕೊರೆದೆ. ಪ್ರೊಮೊತೋರಾ ಮೆಲ್ಲಗೆ ತಿವಿದು, “ಮಾಯೆಸ್ತ್ರಾ (ಟೀಚರ್), ಅವರು ಹೇಳ್ತಿರೋದು ದೊಡ್ಡವರಿಗೆ ಮರ್ಯಾದೆ ಕೊಡೋದು” ಅಂದಳು. ನಮ್ಮ ‘ಸಂಸ್ಕಾರ’ವೇ ಅಲ್ವಾ! ನನಗೆ ಹೊಳೆಯಬೇಕಿತ್ತು.

ಟೈಮ್‌ಔಟ್ ಪೂರ್ತಿ ನೆಲಕಚ್ಚಿತು. ಎರಡು ಕೋಣೆಯಲ್ಲಿ ಎಂಟು ಜನ ಇರುವಾಗ ಮಗುವನ್ನು ಒಂಟಿಯಾಗಿ ಕೂರಿಸುವ ಮೂಲೆ ಎಲ್ಲಿದೆ? ಒಬ್ಬ ತಾಯಿ ಸಾಕಾಗಿ, “ಬಚ್ಚಲಲ್ಲಿ ಕೂಡಿಹಾಕ್ಲಾ?” ಅಂದಳು. ಗಾಬರಿಯಾದೆ. ದಾರಿ ಸಿಕ್ಕಿದ್ದು ಅವರ ಮನೆಯಲ್ಲೇ. ಕೊಯ್ಲಿಗೆ ಒಯ್ಯುವ ಐದು ಗ್ಯಾಲನ್ ಬಕೆಟ್, ಅವರ ಬಾಯಲ್ಲಿ ಕುಬೇತಾ, ಎಲ್ಲರ ಮನೆಯಲ್ಲೂ ಇತ್ತು. ಅದನ್ನು ಬೋರಲು ಹಾಕಿ ಅಮ್ಮ ಅಡುಗೆ ಮಾಡುವ ಕಡೆಯೇ ಮಗುವನ್ನು ಕೂರಿಸುವುದು. ಮೂರು ನಿಮಿಷ ಯಾರೂ ಮಾತಾಡಿಸುವುದಿಲ್ಲ, ಅಷ್ಟೇ. ಮಗು ಅಮ್ಮನ ಕಣ್ಣೆದುರೇ ಇರುತ್ತದೆ.

ಹೊಡೆಯುವ ವಿಷಯ ಎತ್ತಿದಾಗ ಕೋಣೆಯೆಲ್ಲ ಮೌನ. ಅವರಲ್ಲಿ ಚಾಂಕ್ಲಾ, ಅಂದರೆ ಚಪ್ಪಲಿ, ಪ್ರಸಿದ್ಧ ಆಯುಧ. ನಮ್ಮವ್ವ ಊದುಗೊಳವಿ ಎಸೆದರೆ ಗುರಿ ತಪ್ಪುತ್ತಿರಲಿಲ್ಲ ಅಂತ ನಾನೇ ಮೊದಲು ಹೇಳಿಕೊಂಡೆ. ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು, ಇಬ್ಬರು ಅತ್ತರು.

ಸ್ಟಿಕ್ಕರ್ ಚಾರ್ಟ್‌ಗೂ ಅವರು ಒಪ್ಪಲಿಲ್ಲ. ಮಾಡಲೇಬೇಕಾದ ಕೆಲಸಕ್ಕೆ ಬಹುಮಾನ ಯಾಕೆ ಅಂತ ವಾದ. ಅದನ್ನು ಕಿತ್ತುಹಾಕಿ, ಭಾನುವಾರ ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಾಗ ಮಗು ಮಾಡಿದ ಒಂದು ಒಳ್ಳೆ ಕೆಲಸ ಹೇಳಿ ಅಂದೆ. ಅಜ್ಜಿ ಹೊಗಳಿದರೆ ನೂರು ಸ್ಟಿಕ್ಕರಿಗೆ ಸಮ.

ನಡುವೆ ಗಾದೆಗಳಿಂದಲೂ ಒಂದು ಪ್ರಯೋಗ ಮಾಡಿದೆ. ಅವರಲ್ಲಿ ಒಂದು ಮಾತಿದೆ, ಸೊಟ್ಟ ಹುಟ್ಟಿದ ಮರದ ಕಾಂಡ ಎಂದೂ ನೆಟ್ಟಗಾಗದು ಅಂತ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮದನ್ನು ಹೇಳಿದೆ. “ನಿಮ್ಮದರಲ್ಲಿ ಗಿಡ ಆಗಿದ್ದಾಗಲಾದರೂ ಅವಕಾಶ ಇದೆ” ಅಂದ ಒಬ್ಬ ಅಪ್ಪ. ಅವತ್ತು ಕೈಪಿಡಿ ತೆರೆಯಲೇ ಇಲ್ಲ.

ಅಪ್ಪಂದಿರನ್ನು ಕರೆಸಿದ್ದು ದ್ರಾಕ್ಷಿ. ಅವರು ಒಣದ್ರಾಕ್ಷಿಯನ್ನು ನೆಲದ ಮೇಲೆ ಕಾಗದ ಹಾಸಿ ಒಣಗಿಸುತ್ತಾರೆ, ನಮ್ಮ ಕಡೆ ಶೆಡ್ಡಿನಲ್ಲಿ ಬಲೆಯ ಮೇಲೆ. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಯಾವಾಗ, ಕೂಲಿ ಎಷ್ಟು ಅಂತ ಮಾತು ಬೆಳೆಯಿತು. ಒಂಬತ್ತು ಅಪ್ಪಂದಿರು ಬಿಟ್ಟುಹೋಗದೆ ಉಳಿದರು.

16ರಲ್ಲಿ 14 ಮನೆಯವರು ಎಂಟೂ ವಾರ ಮುಗಿಸಿದರು. ಖರ್ಚು ಮನೆಗೆ ಸುಮಾರು 650 ಡಾಲರ್. ‘ನೀನ್ಯಾರು’ ಅಂದವರೇ ಈಗ ಹೊಸಬರನ್ನು ನನ್ನ ಕಾಫೆಸೀತೊ ನೋಡಿ ಬನ್ನಿ ಅಂತ ಕಳಿಸುತ್ತಾರೆ.

ಸೋತಿದ್ದೂ ಇದೆ. ಬಿಟ್ಟುಹೋದ ಎರಡೂ ಮನೆಯವರದ್ದು ಮಿಷ್ಟೆಕೊ ಮಾತು, ಒಆಹಾಕಾ ಕಡೆಯ ಮೂಲನಿವಾಸಿಗಳ ಭಾಷೆ. ಸ್ಪ್ಯಾನಿಷ್ ಅವರಿಗೂ ಪರಭಾಷೆ, ನನ್ನಷ್ಟೇ. ಇದು ತಿಳಿದದ್ದು ಐದನೇ ವಾರ, ಅದೂ ಏಳು ವರ್ಷದ ಹುಡುಗಿ ಅಮ್ಮನಿಗೆ ಎಲ್ಲವನ್ನೂ ಪಿಸುಗುಟ್ಟುವುದನ್ನು ನೋಡಿ. ಅಮ್ಮನನ್ನು ತಿದ್ದುವ ಪಾಠವನ್ನು ಮಗಳೇ ಅನುವಾದಿಸುತ್ತಿದ್ದಳು! ಈಗ ವಾಟ್ಸಾಪ್‌ನಲ್ಲಿ ಎರಡು ನಿಮಿಷದ ಮಿಷ್ಟೆಕೊ ಧ್ವನಿ ಸಂದೇಶ ಕಳಿಸುತ್ತಿದ್ದೇವೆ. ಮೊದಲ ನಾಲ್ಕನ್ನು ಬೇರೆ ಊರಿನವನಿಂದ ಓದಿಸಿದ್ದೆ, ಅವನ ಮಿಷ್ಟೆಕೊ ಇವರಿಗೆ ಅರ್ಥವೇ ಆಗಲಿಲ್ಲ. 200 ಡಾಲರ್ ನೀರಿಗೆ. ಈಗ ಆ ಹುಡುಗಿಯ ಅಮ್ಮನ ಕೈಯಲ್ಲೇ ಹೇಳಿಸುತ್ತಿದ್ದೇನೆ, ಅವಳಿಗೂ ಗಂಟೆಗೆ 20.